ಎರಡನೇ ಸಲದ ನೀರು

ಕಳೆದ ಚಳಿಗಾಲದಲ್ಲಿ ಗೆಳೆಯನೊಬ್ಬ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದ. ಮಾಲೂರಿನ ಹತ್ತಿರ ಅವನು ಕೊಂಡಿರೋ ವಿಲ್ಲಾ, ಅದರ ಹಿತ್ತಲಲ್ಲಿ ಹೊಸದಾಗಿ ಬಂದು ಕೂತಿರೋ ಹಾಟ್ ಟಬ್. ನಾಲ್ಕು ಜನ ಕಾಲು ಚಾಚಿ ಕೂರಬಹುದು, ಸುಮಾರು 1,200 ಲೀಟರ್ ನೀರು ಹಿಡಿಯುತ್ತೆ. ಫೋಟೊ ಕೆಳಗೆ ಒಂದು ಪ್ರಶ್ನೆ: "ಮಗಾ, ನೀನು ಕೆಮಿಸ್ಟ್ರಿ ಓದ್ದೋನು. ಇದಕ್ಕೆ ಕ್ಲೋರಿನ್ ಹಾಕ್ಲಾ, ಬ್ರೋಮಿನ್ ಹಾಕ್ಲಾ? ಮಾರಿದೋನು ತಾಮ್ರ-ಬೆಳ್ಳಿ ಅಯಾನ್ ಮಷೀನ್ ಇದೆ, ಕೆಮಿಕಲ್ಲೇ ಬೇಡ ಅಂತಿದಾನೆ."

ಎರಡು ಸಾಲಿನಲ್ಲಿ ಉತ್ತರ ಬರೆದು ಮುಗಿಸೋಣ ಅಂತ ಕೂತೆ. ಆದರೆ ತಾಮ್ರ ಅನ್ನೋ ಮಾತು ಕಂಡ ಕೂಡಲೇ ಶ್ರೀನಿವಾಸಪುರದ ಕಡೆಯ ನಮ್ಮಜ್ಜಿ ಮನೆಯ ಬಚ್ಚಲು ನೆನಪಾಯ್ತು. ಎರಡು ಸಾಲು ಎರಡು ಪುಟವಾಯ್ತು. ಅದನ್ನೇ ಇಲ್ಲಿ ಸ್ವಲ್ಪ ತಿದ್ದಿ ಬರೀತಿದೀನಿ.

ದೀಪಾವಳಿಯ ಮೊದಲ ಸಂಜೆ ನೀರು ತುಂಬುವ ಹಬ್ಬ. ಒಲೆಗೆ ಹೂತಿದ್ದ ತಾಮ್ರದ ಹಂಡೆಯನ್ನ ಅಜ್ಜಿ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಕೆಂಪಗೆ ಹೊಳೆಯೋ ಹಾಗೆ ಮಾಡ್ತಿದ್ರು. ಬಾವಿಯಿಂದ ಸೇದಿ ತುಂಬಿಸಿ, ಕೊರಳಿಗೆ ಹೂವು ಸುತ್ತಿ, ಸುಣ್ಣದ ಪಟ್ಟೆ ಎಳೆದು, ಮಾರನೇ ದಿನ ನಸುಕಿಗೇ ಉರಿ ಹಾಕೋರು. ಎಣ್ಣೆ ನೀರು. ಆ ಬಚ್ಚಲಿನಲ್ಲಿ ಒಂದು ನಿಯಮವಿತ್ತು. ಯಾರೂ ಬಾಯಿಬಿಟ್ಟು ಹೇಳ್ತಿರಲಿಲ್ಲ, ಆದರೆ ಯಾರೂ ಮುರೀತಿರಲಿಲ್ಲ: ಹಂಡೆಯೊಳಗೆ ಕೈ ಹಾಕಬಾರದು. ತಂಬಿಗೆಯಲ್ಲಿ ಮೊಗೆದು ಮೈಮೇಲೆ ಸುರಕೋ, ಮೈಮೇಲಿಂದ ಬಿದ್ದ ನೀರು ಬಚ್ಚಲ ತೂಬಿನಿಂದ ಹಿತ್ತಲ ಬಾಳೆಗಿಡಕ್ಕೆ ಹೋಗಲಿ. ಒಬ್ಬರ ಮೈ ಮುಟ್ಟಿದ ನೀರು ಇನ್ನೊಬ್ಬರ ಮೈ ಮುಟ್ಟುತ್ತಿರಲಿಲ್ಲ.

ಹಾಟ್ ಟಬ್ ಅನ್ನೋದು ಈ ನಿಯಮವನ್ನ ಪೂರ್ತಿ ತಲೆಕೆಳಗು ಮಾಡಿದ ವಸ್ತು. ಇಲ್ಲಿ ಹಂಡೆಯೊಳಗೇ ಕೂರಬೇಕು. ಅದೂ ಒಬ್ಬರಲ್ಲ, ನಾಲ್ಕು ಜನ. ಅದೇ ನೀರಲ್ಲಿ ನಾಳೆ, ನಾಡಿದ್ದು, ಮುಂದಿನ ವಾರ, ಸುಮಾರು ಮೂರು ತಿಂಗಳು. ಕ್ಲೋರಿನ್ನೋ ಬ್ರೋಮಿನ್ನೋ ಅನ್ನೋ ಪ್ರಶ್ನೆ ಹುಟ್ಟೋದೇ ಇಲ್ಲಿ. ನೀರನ್ನ ಎರಡನೇ ಸಲ ಬಳಸೋಕೆ ಹೊರಟವನು ಕಟ್ಟಬೇಕಾದ ತೆರಿಗೆಯೇ ಈ ಸ್ಯಾನಿಟೈಸರ್.

ಕೋಲಾರ ಸೀಮೆಗೆ ನೀರಿನ ವಿಷಯದಲ್ಲಿ ಯಾರೂ ಪಾಠ ಹೇಳಬೇಕಿಲ್ಲ. ವರ್ಷವಿಡೀ ಹರಿಯೋ ನದಿ ಇಲ್ಲದ ಊರು. ಪಾಲಾರ್, ದಕ್ಷಿಣ ಪಿನಾಕಿನಿ ಎಲ್ಲ ಹೆಸರಿಗೆ ನದಿಗಳು, ಮಳೆ ಬಂದರೆ ಮಾತ್ರ ನೀರು. ಅದಕ್ಕೇ ನಮ್ಮ ಹಿಂದಿನವರು ಕೆರೆಯ ಕೆಳಗೆ ಕೆರೆ, ಅದರ ಕೆಳಗೆ ಇನ್ನೊಂದು ಕೆರೆ ಅಂತ ಸರಪಳಿಯ ಹಾಗೆ ಕಟ್ಟಿದ್ರು. ಕೋಲಾರದ ಬೆಟ್ಟದ ಮೇಲೆ ಅಂತರಗಂಗೆಯಲ್ಲಿ ಕಲ್ಲು ಬಸವನ ಬಾಯಿಂದ ನೀರು ಬರುತ್ತಲ್ಲ, ಜನ ಅದನ್ನ ಕುಡೀತಾರೆ, ಅದಕ್ಕೆ ತಲೆಯೊಡ್ಡಿ ಮೀಯ್ತಾರೆ. ಹರಿಯೋ ನೀರಿನ ಮೇಲೆ ನಮಗಿರೋ ನಂಬಿಕೆ ಅದು.

ನಿಂತ ನೀರಿನ ಮೇಲೆ ಆ ನಂಬಿಕೆ ಇರಲಿಲ್ಲ. ಅದಕ್ಕೆ ಉಪಾಯಗಳಿದ್ದವು. ಕೆರೆ ನೀರು ರಾಡಿಯಾಗಿದ್ದರೆ ಚಿಲ್ಲದ ಬೀಜವನ್ನ ಮಡಕೆಯ ಒಳಮೈಗೆ ತೇಯುತ್ತಿದ್ದರು. ಸಂಸ್ಕೃತದಲ್ಲಿ ಕತಕ ಅಂತಾರೆ, ಹಳೆಯ ವೈದ್ಯಗ್ರಂಥಗಳಲ್ಲೇ ಇದರ ಮಾತಿದೆ. ಇಲ್ಲದಿದ್ದರೆ ಒಂದು ಚೂರು ಪಟಿಕ. ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ತಳಕ್ಕೆ ಕೂರುತ್ತವೆ, ಮೇಲೆ ತಿಳಿನೀರು. ಇವತ್ತು ದೊಡ್ಡ ದೊಡ್ಡ ನೀರು ಶುದ್ಧೀಕರಣ ಘಟಕಗಳಲ್ಲೂ ಪಟಿಕದ ಕೆಲಸ ಅದೇ. ಆದರೆ ತಿಳಿ ಇರೋದೆಲ್ಲ ಶುದ್ಧ ಅಲ್ಲ ಅನ್ನೋದು ಜಗತ್ತಿಗೆ ಗೊತ್ತಾಗಿದ್ದು ತೀರಾ ಈಚೆಗೆ.

ಸ್ವೀಡನ್ನಿನ ಶೀಲೆ ಕ್ಲೋರಿನ್ ಅನಿಲವನ್ನ ಮೊದಲು ತಯಾರಿಸಿದ್ದು 1774ರಲ್ಲಿ. ಅದೊಂದು ಮೂಲವಸ್ತು ಅಂತ ಹಂಫ್ರಿ ಡೇವಿ ಹೇಳಿದ್ದು 1810ರಲ್ಲಿ. ಈ ನಡುವೆ ಅದನ್ನ ಬಳಸಿದ್ದು ಬಟ್ಟೆ ಬಿಳುಪು ಮಾಡೋರು. 1799ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಟೆನೆಂಟ್ ಸುಣ್ಣಕ್ಕೆ ಕ್ಲೋರಿನ್ ಹಾಯಿಸಿ ಪುಡಿ ಮಾಡಿ ಪೇಟೆಂಟ್ ತಗೊಂಡ. ನಮ್ಮೂರ ಪಂಚಾಯ್ತಿಯವರು ಬಾವಿಗೆ ಸುರಿಯೋ ಬ್ಲೀಚಿಂಗ್ ಪೌಡರ್ ಅದೇ. ಹೆಸರಲ್ಲೇ ಇದೆ ನೋಡಿ, ಬ್ಲೀಚಿಂಗ್. ಇವತ್ತಿಗೂ ಅದು ಅಗಸರ ಕಡೆಯ ಹೆಸರನ್ನೇ ಇಟ್ಟುಕೊಂಡಿದೆ.

1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್ವೈಸ್ ಅನ್ನೋ ಡಾಕ್ಟರು, ಹೆಣ ಕೊಯ್ದು ಬಂದ ವೈದ್ಯರು ಇದೇ ಪುಡಿ ಕಲಸಿದ ನೀರಲ್ಲಿ ಕೈ ತೊಳೀಬೇಕು ಅಂತ ಹಠ ಹಿಡಿದ. ಬಾಣಂತಿಯರ ಸಾವು ಇಳೀತು. ಸಹೋದ್ಯೋಗಿಗಳು ಮಾತ್ರ ನಂಬಲಿಲ್ಲ. 1854ರಲ್ಲಿ ಲಂಡನ್ನಿನ ಜಾನ್ ಸ್ನೋ, ಕಾಲರಾ ಹರಡಿದ್ದು ಬ್ರಾಡ್ ಸ್ಟ್ರೀಟಿನ ಒಂದು ಪಂಪಿನ ನೀರಿನಿಂದ ಅಂತ ತೋರಿಸಿಕೊಟ್ಟ. ಆ ಪಂಪಿನ ನೀರು ನೋಡೋಕೆ ತಿಳಿಯಾಗೇ ಇತ್ತು, ರುಚಿಯೂ ಚೆನ್ನಾಗಿತ್ತು ಅಂತ ಜನ ಅದನ್ನೇ ಹುಡುಕಿಕೊಂಡು ಬರ್ತಿದ್ರು.

ಇಂಡಿಯಾದಲ್ಲಿ 1890ರ ದಶಕದಲ್ಲಿ ಹ್ಯಾಂಕಿನ್ ಅನ್ನೋ ವಿಜ್ಞಾನಿ ಆಗ್ರಾದಲ್ಲಿ ಕೂತು ಕಾಲರಾ ಬಂದ ಊರಿನ ಬಾವಿಗಳಿಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕೋ ಪದ್ಧತಿಯನ್ನ ಪ್ರಚಾರ ಮಾಡಿದ. ಬಾವಿ ನೀರು ನೇರಳೆ ಬಣ್ಣಕ್ಕೆ ತಿರುಗೋದು. ತರಕಾರಿ ತೊಳೆಯೋಕೆ, ಬಾಯಿ ಮುಕ್ಕಳಿಸೋಕೆ ಅಂತ ನಮ್ಮ ಹಿರಿಯರು ಮನೆಯಲ್ಲಿಟ್ಟುಕೊಳ್ಳುತ್ತಿದ್ದ ಆ ನೇರಳೆ ಹರಳುಗಳೇ ಅವು.

ಊರಿಗೆ ಊರೇ ಕುಡಿಯೋ ನೀರಿಗೆ ಕ್ಲೋರಿನ್ ಹಾಕಿದ ಕಥೆ ಇನ್ನೂ ಸ್ವಾರಸ್ಯದ್ದು. ಇಂಗ್ಲೆಂಡಿನ ಮೇಡ್‌ಸ್ಟನ್‌ನಲ್ಲಿ 1897ರಲ್ಲಿ, ಲಿಂಕನ್‌ನಲ್ಲಿ 1905ರಲ್ಲಿ ಟೈಫಾಯ್ಡ್ ಬಂದಾಗ ಹಾಕಿದ್ದರು. ಅಮೆರಿಕದ ಜರ್ಸಿ ಸಿಟಿಯಲ್ಲಿ 1908ರ ಸೆಪ್ಟೆಂಬರ್‌ನಲ್ಲಿ ಜಾನ್ ಲೀಲ್ ಅನ್ನೋ ಡಾಕ್ಟರು ಯಾರನ್ನೂ ಕೇಳದೆ, ಯಾರಿಗೂ ಹೇಳದೆ ಇಡೀ ನಗರದ ನೀರಿಗೆ ಶುರುಮಾಡಿಬಿಟ್ಟ. ಸುಮಾರು ಎರಡು ಲಕ್ಷ ಜನ. ಕೇಸು ಕೋರ್ಟಿಗೆ ಹೋಯ್ತು. ಜನರ ಕುಡಿಯೋ ನೀರಿಗೆ ವಿಷ ಹಾಕಿದೀಯಲ್ಲ ಅಂತ ವಕೀಲರು ಕೇಳಿದರೆ, ನನ್ನ ಮನೆಯವರಿಗೂ ಇದೇ ನೀರು ಕುಡಿಸ್ತೀನಿ ಅನ್ನೋ ಅರ್ಥದ ಉತ್ತರ ಕೊಟ್ಟನಂತೆ. ಕೊನೆಗೆ ಅವನೇ ಗೆದ್ದ. ಏಳು ವರ್ಷ ಆಗೋಷ್ಟರಲ್ಲಿ, 1915ರ ಏಪ್ರಿಲ್‌ನಲ್ಲಿ, ಬೆಲ್ಜಿಯಂನ ಈಪ್ರ್ ಹತ್ತಿರದ ಕಂದಕಗಳಲ್ಲಿ ಇದೇ ಅನಿಲದಿಂದ ಸಾವಿರಾರು ಸೈನಿಕರು ನರಳಿದರು. ವಸ್ತು ಒಂದೇ. ಎಷ್ಟು ಹಾಕ್ತೀವಿ, ಎಲ್ಲಿ ಹಾಕ್ತೀವಿ ಅನ್ನೋದೇ ಎಲ್ಲ.

ನಮ್ಮ ಜಿಲ್ಲೆಯಲ್ಲಿ ಕಾರ್ಖಾನೆಯ ರೀತಿ ನೀರು ಸೋಸಿ ಕೊಳವೆಯಲ್ಲಿ ಕೊಡೋ ವ್ಯವಸ್ಥೆ ಬಂದಿದ್ದು ಚಿನ್ನದಿಂದ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೆಜಿಎಫ್‌ಗೆ ಬಂತು, 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಅಷ್ಟು ದೊಡ್ಡ ಗಣಿಪಟ್ಟಣಕ್ಕೆ ಕುಡಿಯೋಕೆ ಪಾಲಾರ್ ಮೇಲಿನ ಬೇತಮಂಗಲದ ಕೆರೆಯಿಂದ ನೀರು ಸೋಸಿ ಪಂಪ್ ಮಾಡಿದರು. ಉಳಿದ ಹಳ್ಳಿಗಳಿಗೆ ಬಾವಿಯೇ ಗತಿ, ಕಲ್ಯಾಣಿಯೇ ಗತಿ.

ಕಲ್ಯಾಣಿ ಅಂದ ಕೂಡಲೇ ನಮಗೆ ಇನ್‌ಸ್ಟಾಗ್ರಾಂ ಫೋಟೊ ನೆನಪಾಗುತ್ತೆ. ನೀರಿನ ಇತಿಹಾಸ ಓದೋರಿಗೆ ನಾರುಹುಣ್ಣು ನೆನಪಾಗುತ್ತೆ. ಮೆಟ್ಟಿಲಿಳಿದು ಕಾಲು ನೀರಲ್ಲಿಟ್ಟು ಕೊಡ ತುಂಬೋ ಬಾವಿಗಳಲ್ಲಿ, ಒಬ್ಬರ ಕಾಲಿನ ಹುಣ್ಣಿಂದ ಹೊರಬಿದ್ದ ಮರಿಹುಳಗಳು ನೀರಿನ ಸಣ್ಣ ಜೀವಿಗಳ ಹೊಟ್ಟೆ ಸೇರಿ, ಆ ನೀರು ಕುಡಿದ ಇನ್ನೊಬ್ಬರ ಮೈಯಲ್ಲಿ ವರ್ಷದ ನಂತರ ಮೊಳಗಟ್ಟಲೆ ಉದ್ದದ ಹುಳವಾಗಿ ಹೊರಬರೋದು. ಒಬ್ಬರ ಮೈ ಮುಟ್ಟಿದ ನೀರು ಇನ್ನೊಬ್ಬರನ್ನ ಮುಟ್ಟಿದರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಈ ಕಾಯಿಲೆ ಇತ್ತು. 1980ರ ದಶಕದಲ್ಲಿ ಸರ್ಕಾರ ಅಭಿಯಾನ ಶುರುಮಾಡಿತು: ನೀರನ್ನ ಬಟ್ಟೆಯಲ್ಲಿ ಸೋಸಿ, ಬಾವಿಗೆ ಔಷಧಿ ಹಾಕಿ, ಮೆಟ್ಟಿಲು ಬಾವಿ ಮುಚ್ಚಿ ಸೇದೋ ಬಾವಿ ಮಾಡಿ, ಕೊಳವೆಬಾವಿ ಕೊರೆದು ಹ್ಯಾಂಡ್‌ಪಂಪ್ ಹಾಕಿ. 1996ರಲ್ಲಿ ದೇಶದ ಕೊನೆಯ ರೋಗಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸರ್ಟಿಫಿಕೇಟು. ಇಡೀ ಕಾಯಿಲೆಯೇ ದೇಶದಿಂದ ಹೋಯ್ತು. ಇದು ನಮ್ಮ ದೊಡ್ಡ ಗೆಲುವುಗಳಲ್ಲೊಂದು, ಯಾಕೋ ಯಾರೂ ಮಾತಾಡಲ್ಲ.

ಆದರೆ ಕೊಳವೆಬಾವಿ ಅಲ್ಲಿಗೇ ನಿಲ್ಲಲಿಲ್ಲ. ಕುಡಿಯೋ ನೀರಿಗೆ ಬಂದದ್ದು ಟೊಮ್ಯಾಟೊಗೆ ಬಂತು, ಮಾವಿಗೆ ಬಂತು, ಲೇಔಟಿಗೆ ಬಂತು. ಮುಳಬಾಗಿಲಿನಲ್ಲಿ, ಶ್ರೀನಿವಾಸಪುರದಲ್ಲಿ ಸಾವಿರ ಅಡಿ ದಾಟಿ ಕೊರೆದರೂ ಧೂಳು ಬರೋ ಕಾಲ ಬಂತು. ಬಂದ ನೀರಿನಲ್ಲೂ ಕಲ್ಲೊಳಗಿನ ಫ್ಲೋರೈಡ್ ಕರಗಿ ಬಂತು. ಕುಡಿಯೋ ನೀರಿನ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೋದು ನಮ್ಮ ದೇಶದ ಮಾನದಂಡ. ಎಷ್ಟೋ ಹಳ್ಳಿಗಳಲ್ಲಿ ದಾಟಿತು. ಕಂದುಗಟ್ಟಿದ ಹಲ್ಲು, ನೋಯೋ ಮಂಡಿ. ಈ ನೀರು ಗಾಜಿನ ಹಾಗೆ ತಿಳಿ, ಕ್ರಿಮಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬ್ಲೀಚಿಂಗ್ ಪೌಡರ್ ಎಷ್ಟು ಸುರಿದರೂ ಫ್ಲೋರೈಡ್ ಹೋಗಲ್ಲ. ಬಾವಿಯ ಕಾಲದ ಔಷಧಿ ಬೋರ್‌ವೆಲ್ಲಿನ ಕಾಯಿಲೆಗೆ ಕೆಲಸ ಮಾಡಲಿಲ್ಲ. ಊರೂರಿಗೆ ಆರ್‌ಒ ಘಟಕ, ಕ್ಯಾನು ಬಂದಿದ್ದು ಆಗಲೇ.

ಇಲ್ಲಿಗೆ ಗೆಳೆಯನ ಹಿತ್ತಲಿಗೆ ವಾಪಸ್ ಬರೋಣ.

ಈ ಗುಳುಗುಳು ಟಬ್ಬಿನ ಮೂಲ ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೋದ ಇಟಲಿಯ ಜಕೂಝಿ ಕುಟುಂಬ. ಮಗುವಿಗೆ ಸಂಧಿವಾತ. ಆಸ್ಪತ್ರೆಯಲ್ಲಿ ಕೊಡೋ ಜಲಚಿಕಿತ್ಸೆಯನ್ನ ಮನೆಯಲ್ಲೇ ಕೊಡೋಣ ಅಂತ ಪಂಪು ತಯಾರಿಸೋ ಆ ಅಪ್ಪ ಸ್ನಾನದ ತೊಟ್ಟಿಗೆ ಇಳಿಬಿಡೋ ಒಂದು ಪಂಪು ಮಾಡಿದ. 1956ರಲ್ಲಿ ಅದು ಮಾರಾಟಕ್ಕೆ ಬಂತು. 1968ರಲ್ಲಿ ಪಂಪು ತೊಟ್ಟಿಯೊಳಗೇ ಸೇರಿಕೊಂಡಿತು. ಅಲ್ಲಿವರೆಗೂ ಸ್ನಾನ ಮುಗಿದ ಮೇಲೆ ನೀರು ಚೆಲ್ಲೋ ಪದ್ಧತಿಯೇ. ನೀರು ಉಳಿಸಿಕೊಂಡು ಬಿಸಿಯಾಗೇ ಇಡೋ ಹಾಟ್ ಟಬ್ ಬಂದ ಮೇಲೆ ಹೊಸ ತೊಂದರೆಗಳೂ ಬಂದವು.

ಅದರಲ್ಲಿ ದೊಡ್ಡದು ಲೀಜಿಯೊನೆಲ್ಲಾ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರು ನ್ಯುಮೋನಿಯಾದಂಥ ಕಾಯಿಲೆಯಿಂದ ಸತ್ತಾಗ ಪತ್ತೆಯಾದ ಬ್ಯಾಕ್ಟೀರಿಯಾ ಅದು. ಉಗುರುಬೆಚ್ಚಗಿನ ನೀರು ಅಂದ್ರೆ ಪ್ರಾಣ. ಹೊಟ್ಟೆಗೆ ಹೋಗಬೇಕಿಲ್ಲ, ನೀರಿನ ಸಣ್ಣ ಹನಿ ಉಸಿರಲ್ಲಿ ಹೋದರೆ ಸಾಕು. 1999ರಲ್ಲಿ ನೆದರ್ಲೆಂಡ್ಸಿನ ಬೋವೆನ್‌ಕಾರ್ಸ್ಪೆಲ್‌ನ ಹೂವಿನ ಪ್ರದರ್ಶನದಲ್ಲಿ ಒಂದು ಹಾಟ್ ಟಬ್ ತೋರಿಸೋಕೆ ಅಂತ ಇಟ್ಟಿದ್ದರು. ಯಾರೂ ಇಳಿಯಲ್ಲವಲ್ಲ ಅಂತ ಅದಕ್ಕೆ ಕ್ಲೋರಿನ್ ಹಾಕಿರಲಿಲ್ಲ. ಗುಳ್ಳೆ ಎಬ್ಬಿಸುತ್ತಾ ಕೂತಿದ್ದ ಆ ಟಬ್ಬಿನ ಪಕ್ಕ ನಡೆದು ಹೋದವರಲ್ಲಿ ಇನ್ನೂರರಷ್ಟು ಜನ ಕಾಯಿಲೆ ಬಿದ್ದರು. 32 ಜನ ಸತ್ತರು. ಹೂವು ನೋಡೋಕೆ ಹೋದವರು.

ನಮ್ಮ ಗೆಳೆಯನ ಪುಣ್ಯ, ಅವನಿಗೆ ಸಿಕ್ಕಿದ್ದು ಸಣ್ಣ ಪಾಠ. ನನ್ನ ಉತ್ತರ ಬರೋಕೆ ಮೊದಲೇ ಮಾರಿದವನ ಮಾತು ನಂಬಿ ಬರೀ ಅಯಾನ್ ಮಷೀನ್ ಇಟ್ಟುಕೊಂಡು ಸಂಕ್ರಾಂತಿಗೆ ನೆಂಟರನ್ನ ಕೂರಿಸಿದ. ಎರಡೇ ದಿನಕ್ಕೆ ಮೂವರ ಮೈಮೇಲೆ, ಅದರಲ್ಲೂ ಸ್ನಾನದ ಬಟ್ಟೆ ಮುಚ್ಚಿದ್ದ ಕಡೆ, ಕೆಂಪು ಗುಳ್ಳೆ. ಸ್ಯೂಡೊಮೊನಾಸ್ ಅನ್ನೋ ಬ್ಯಾಕ್ಟೀರಿಯಾದ ಕೆಲಸ, ಇದಕ್ಕೆ ಹಾಟ್ ಟಬ್ ರ‍್ಯಾಷ್ ಅಂತಲೇ ಹೆಸರು ಅಂದರಂತೆ ಚರ್ಮದ ಡಾಕ್ಟರು.

ತಾಮ್ರ, ಬೆಳ್ಳಿ ಕ್ರಿಮಿ ಕೊಲ್ಲೋದು ಸುಳ್ಳಲ್ಲ. ಅಜ್ಜಿಯ ಹಂಡೆ ಸುಮ್ಮನೆ ತಾಮ್ರದ್ದಾಗಿರಲಿಲ್ಲ. ಆದರೆ ತಾಮ್ರ ನಿಧಾನ, ಅದಕ್ಕೆ ರಾತ್ರಿಯಿಡೀ ಬೇಕು. ನಾಲ್ಕು ಜನರ ಬೆವರು ಸೇರಿದ ನೀರಿಗೆ ನಿಮಿಷಗಳಲ್ಲಿ ಕೆಲಸ ಆಗಬೇಕು. ಓಝೋನ್ (ಫ್ರಾನ್ಸಿನ ನೀಸ್ ನಗರ 1906ರಲ್ಲೇ ಕುಡಿಯೋ ನೀರಿಗೆ ಬಳಸಿತು), ಅಲ್ಟ್ರಾವಯಲೆಟ್ ಬೆಳಕು ಇವೆರಡೂ ಚುರುಕು. ಆದರೆ ತಮ್ಮ ಮುಂದೆ ಹಾದು ಹೋದ ನೀರನ್ನ ಮಾತ್ರ ಶುದ್ಧ ಮಾಡ್ತವೆ. ಟಬ್ಬಿನೊಳಗೆ ಕಾವಲಿಗೆ ಯಾರೂ ಉಳಿಯಲ್ಲ. ಕಾವಲಿಗೆ ಉಳಿಯೋದು ಎರಡೇ, ಕ್ಲೋರಿನ್ ಮತ್ತು ಬ್ರೋಮಿನ್. ಉಳಿದದ್ದೆಲ್ಲ ಇವಕ್ಕೆ ಸಹಾಯಕರು.

ಬ್ರೋಮಿನ್ ಕಂಡುಹಿಡಿದಿದ್ದು 1826ರಲ್ಲಿ, ಫ್ರಾನ್ಸಿನ ಬಲಾರ್, ಉಪ್ಪುನೀರಿನಿಂದ. ಹೆಸರಿನ ಅರ್ಥವೇ ದುರ್ನಾತ. ಆದರೆ ಟಬ್ಬಿನಲ್ಲಿ ಮೂಗಿಗೆ ತೊಂದರೆ ಕೊಡೋದು ಇದಲ್ಲ, ಕ್ಲೋರಿನ್ನೇ. ಕ್ಲೋರಿನ್ ಬೆವರು, ಮೂತ್ರದ ಜೊತೆ ಸೇರಿ ಕ್ಲೋರಮೈನ್ ಆಗುತ್ತೆ. ಕಣ್ಣುರಿ, ಘಾಟು ಬರೋದು ಅದರಿಂದ. ಈಜುಕೊಳದಲ್ಲಿ ಘಾಟು ಜಾಸ್ತಿ ಇದ್ದರೆ ಕ್ಲೋರಿನ್ ಜಾಸ್ತಿ ಹಾಕಿದಾರೆ ಅಂದುಕೋತೀವಲ್ಲ, ಎಷ್ಟೋ ಸಲ ಅದು ಸಾಲದೇ ಇರೋದರ ಗುರುತು. ಬ್ರೋಮಿನ್ ಹಾಗೆ ಬೆವರಿನ ಜೊತೆ ಸೇರಿದ ಮೇಲೂ ಕೆಲಸ ಮಾಡುತ್ತೆ, ಬಿಸಿನೀರಲ್ಲೂ ಹೆಚ್ಚು ಹೊತ್ತು ನಿಲ್ಲುತ್ತೆ. ಬೆಲೆ ಜಾಸ್ತಿ, ಬಿಸಿಲಿಗೆ ಬೇಗ ಹಾಳಾಗುತ್ತೆ, ಅದಕ್ಕೆ ಮುಚ್ಚಳ ಬೇಕು. ಕ್ಲೋರಿನ್ ಅಗ್ಗ, ಚುರುಕು, ಆದರೆ 38-40 ಡಿಗ್ರಿಯಲ್ಲಿ ಬೇಗ ಹಾರಿಹೋಗುತ್ತೆ, ಮತ್ತೆ ಮತ್ತೆ ನೋಡಿ ಹಾಕಬೇಕು. ದಿನಾ ಟೆಸ್ಟ್ ಮಾಡೋ ಶಿಸ್ತಿದ್ದರೆ ಕ್ಲೋರಿನ್, ವಾರಕ್ಕೊಮ್ಮೆ ಬರೋ ವೀಕೆಂಡ್ ಮನೆಗೆ ಬ್ರೋಮಿನ್. ಅಮೆರಿಕದ ಸಿಡಿಸಿ ಹೇಳೋದು ಕ್ಲೋರಿನ್ ಆದರೆ ಕನಿಷ್ಠ 3 ಪಿಪಿಎಂ, ಬ್ರೋಮಿನ್ ಆದರೆ ಕನಿಷ್ಠ 4. ನೀರಿನ ಬಿಸಿ 40 ಡಿಗ್ರಿ ದಾಟಬಾರದು. ಬ್ರೋಮಿನ್ ಹಾಕಿದರೂ ಇಳಿಯೋಕೆ ಮುಂಚೆ ಒಂದು ಸ್ಟ್ರಿಪ್ ಅದ್ದಿ ನೋಡಲೇಬೇಕು.

ಕೋಲಾರದ ನೀರಿಗೆ ಒಂದು ಮಾತು ಸೇರಿಸಬೇಕು. ಬೋರ್‌ವೆಲ್ ನೀರು ಗಡಸು, ಎಷ್ಟೋ ಕಡೆ ಕ್ಷಾರ. ಪಿಎಚ್ 7.5 ಇದ್ದಾಗ ಹಾಕಿದ ಕ್ಲೋರಿನ್ನಿನಲ್ಲಿ ಅರ್ಧದಷ್ಟು ಕ್ರಿಮಿ ಕೊಲ್ಲೋ ಚುರುಕಿನ ರೂಪದಲ್ಲಿರುತ್ತೆ. 8.5ಕ್ಕೆ ಏರಿದರೆ ಸುಮಾರು ಹತ್ತರಲ್ಲೊಂದು ಪಾಲು. ಪುಡಿ ಅಷ್ಟೇ, ದುಡ್ಡೂ ಅಷ್ಟೇ, ಕೆಲಸ ಮಾತ್ರ ಇಲ್ಲ. ಆದ್ದರಿಂದ ಮೊದಲು ಪಿಎಚ್ 7.2ರಿಂದ 7.8ರೊಳಗೆ ತರಬೇಕು, ಆಮೇಲೆ ಉಳಿದದ್ದು. ದೊಡ್ಡ ಈಜುಕೊಳದ ಟ್ರೈಕ್ಲೋರ್ ಬಿಲ್ಲೆಗಳು ಬೇಡ. ಅವು ಬಿಟ್ಟುಹೋಗೋ ಸಯನ್ಯೂರಿಕ್ ಆಮ್ಲ ಸಣ್ಣ ಟಬ್ಬಿನಲ್ಲಿ ಸೇರುತ್ತಾ ಹೋಗಿ ಕ್ಲೋರಿನ್ನಿನ ಕೈ ಕಟ್ಟಿಹಾಕುತ್ತೆ. ಒಂದು ಡಬ್ಬಿಯ ಪುಡಿಯನ್ನ ಇನ್ನೊಂದರ ಜೊತೆ ಎಂದೂ ಬೆರೆಸಬೇಡಿ, ಬೆಂಕಿ ಹತ್ತಬಹುದು. ಬ್ಲೀಚಿಂಗ್ ಪೌಡರ್ ಮತ್ತು ಟಾಯ್ಲೆಟ್ ತೊಳೆಯೋ ಆಸಿಡ್ ಸೇರಿದರೆ ಬರೋದು ಈಪ್ರ್‌ನಲ್ಲಿ ಬಂದ ಅದೇ ಅನಿಲ.

ಇಷ್ಟೆಲ್ಲ ಒಂದು ಟಬ್ಬಿಗೆ ಯಾಕೆ ಅಂತೀರಾ? ಯಾಕಂದ್ರೆ ಈಗ ಕೋಲಾರ ಜಿಲ್ಲೆಯೇ ಎರಡನೇ ಸಲದ ನೀರಿನಲ್ಲಿ ಕೂತಿದೆ. 2018ರ ಜೂನ್‌ನಲ್ಲಿ ಕೆಸಿ ವ್ಯಾಲಿ ಯೋಜನೆಯ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ನಮ್ಮ ನಿಮ್ಮ ಬಚ್ಚಲು, ಟಾಯ್ಲೆಟ್ಟಿನ ನೀರನ್ನ ಎರಡು ಹಂತ ಶುದ್ಧ ಮಾಡಿ, ದಿನಕ್ಕೆ 440 ದಶಲಕ್ಷ ಲೀಟರ್‌ವರೆಗೆ ಕೊಟ್ಟು 126 ಕೆರೆ ತುಂಬಿಸೋ ಯೋಜನೆ. ಬಂದ ಕೆಲವೇ ವಾರಗಳಲ್ಲಿ ಕೆರೆಯಲ್ಲಿ ನೊರೆ ಎದ್ದಿತು. ರೈತರು ಪ್ರಶ್ನೆ ಎತ್ತಿದರು, ಜುಲೈನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. ಆಮೇಲೆ ನೀರು ಮತ್ತೆ ಹರೀತು. ದಶಕಗಳಿಂದ ಒಣಗಿದ್ದ ಕೆರೆಗಳು ತುಂಬಿದವು, ಬತ್ತಿದ ಬೋರ್‌ವೆಲ್‌ಗಳಿಗೆ ನೀರು ಬಂತು. ಜೊತೆಗೆ ಮೂರನೇ ಹಂತದ ಶುದ್ಧೀಕರಣ ಯಾವಾಗ ಅನ್ನೋ ಪ್ರಶ್ನೆಯೂ ಉಳೀತು. ಆ ಪ್ರಶ್ನೆ ಕೇಳೋರನ್ನ ಅಭಿವೃದ್ಧಿ ವಿರೋಧಿಗಳು ಅನ್ನೋದು ಸುಲಭ. ತನ್ನ 1,200 ಲೀಟರಿಗೆ ದಿನಾ ಸ್ಟ್ರಿಪ್ ಅದ್ದಿ ನೋಡೋನಿಗೆ ಮಾತ್ರ ಅವರು ಕೇಳ್ತಿರೋದು ಅದೇ ಸ್ಟ್ರಿಪ್ಪನ್ನ ಅಂತ ಗೊತ್ತಾಗಬೇಕು. ಕ್ರಿಮಿ ಎಷ್ಟು, ಲೋಹ ಎಷ್ಟು, ಯಾರು ಅಳೆದರು, ಯಾವತ್ತು ಅಳೆದರು, ನಮಗೆ ತೋರಿಸಿ. ಅಷ್ಟೇ.

ನೀರನ್ನ ಎರಡನೇ ಸಲ ಬಳಸೋದು ತಪ್ಪಲ್ಲ. ಈ ಬರದ ಸೀಮೆಯಲ್ಲಿ ಇನ್ನು ಅದೇ ದಾರಿ. ಮೊದಲ ಸಲದ ನೀರನ್ನ ನಂಬಿಕೆಯಿಂದ ಬಳಸಬಹುದಿತ್ತು. ಎರಡನೇ ಸಲದ್ದನ್ನ ಲೆಕ್ಕ ಇಟ್ಟು ಬಳಸಬೇಕು.

ಇದೆಲ್ಲ ಬರೆದು ಗೆಳೆಯನಿಗೆ ಕಳಿಸಿದೆ. ಎರಡು ಗಂಟೆಯಾದ ಮೇಲೆ ಉತ್ತರ ಬಂತು: "ಇಷ್ಟುದ್ದ ಯಾರೋ ಓದ್ತಾರೆ? ಕ್ಲೋರಿನ್ನೋ ಬ್ರೋಮಿನ್ನೋ ಅಷ್ಟು ಹೇಳು."

ಬ್ರೋಮಿನ್ ಅಂದೆ. ತಿಂಗಳಾದ ಮೇಲೆ ಅವನೇ ಫೋನ್ ಮಾಡಿದ. ತಾನು ಇಳಿಯೋದು ಭಾನುವಾರ ಒಂದೇ ದಿನ, ಅದಕ್ಕೆ ಇಷ್ಟು ಅಳೆಯೋದು, ಹಾಕೋದು, ಮತ್ತೆ ಅಳೆಯೋದು ಬೇಜಾರು ಅಂದ. "ಹಂಗಾದ್ರೆ ಕಮ್ಮಿ ನೀರು ಹಿಡಿಯೋ ತೊಟ್ಟಿ ತಗೊಂಡು, ಸ್ನಾನ ಮಾಡಿ, ಮಾವಿನ ಗಿಡಕ್ಕೆ ಬಿಡು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, "ಈ ತಾಮ್ರದ ಹಂಡೆ ಈಗೆಲ್ಲಿ ಸಿಗುತ್ತೋ?"